ಹೆರಿಗೆಗೂ ಎಲೆ ಲೆಕ್ಕ

ಚನ್ನಪಟ್ಟಣದ ಬಳಿಯ ದೊಡ್ಡಮಳೂರಿಗೆ ಹೋದವರು ಅಪ್ರಮೇಯಸ್ವಾಮಿಯ ಗುಡಿಯಲ್ಲಿ ಅಂಬೆಗಾಲು ಕೃಷ್ಣನನ್ನು ನೋಡದೆ ಹಿಂದಿರುಗುವುದಿಲ್ಲ. ಮಕ್ಕಳಾಗಲೆಂದು ಹರಕೆ ಹೊತ್ತ ದಂಪತಿಗಳು ಅಲ್ಲಿ ಪುಟ್ಟ ತೊಟ್ಟಿಲುಗಳನ್ನು ಒಪ್ಪಿಸುತ್ತಾರೆ. ಹರಕೆ ಫಲಿಸಿದ ಮೇಲಿನ ಕಥೆ ಮಾತ್ರ ಕೃಷ್ಣನ ಕೈಯಲ್ಲಿಲ್ಲ; ಅದು ಆಸ್ಪತ್ರೆಯ ಲೆಕ್ಕದ ಪುಸ್ತಕಕ್ಕೆ ಸೇರಿದ್ದು.

ಬಹುಮಟ್ಟಿನ ಖಾಸಗಿ ಆಸ್ಪತ್ರೆಗಳ ಆ ಪುಸ್ತಕದಲ್ಲಿ ಸಹಜ ಹೆರಿಗೆಗೆ ಒಂದು ಬೆಲೆ, ಸಿಸೇರಿಯನ್‌ಗೆ ಅದಕ್ಕಿಂತ ದೊಡ್ಡ ಬೆಲೆ. ರಾತ್ರಿಯೆಲ್ಲ ಕಾದು ಕುಳಿತದ್ದಕ್ಕೆ ಕಡಮೆ, ಒಂದು ಗಂಟೆಯೊಳಗೆ ಮುಗಿಸಿದ್ದಕ್ಕೆ ಹೆಚ್ಚು! ಹೀಗಿರುವಾಗ ಕತ್ತರಿ ಚುರುಕಾದರೆ ಸೋಜಿಗವೇನು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆಗಳು 2015-16ರಲ್ಲಿ ನೂರಕ್ಕೆ 23.6 ಇದ್ದದ್ದು 2019-21ರಲ್ಲಿ 31.5ಕ್ಕೆ ಏರಿದವು, ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧವನ್ನೂ ದಾಟಿದವು. ನಮ್ಮ ಹೆಣ್ಣುಮಕ್ಕಳ ಸೊಂಟ ಐದೇ ವರ್ಷದಲ್ಲಿ ಅಷ್ಟು ಕಿರಿದಾಯಿತೆಂದು ನಂಬೋಣವೆ? ಕತ್ತರಿಯಿಂದ ಜೀವ ಉಳಿದವರೂ ಉಂಟು, ಅದನ್ನು ಅಲ್ಲಗಳೆಯುವವರಾರು? ಏರಿದ್ದೆಲ್ಲವೂ ಅಂಥದಲ್ಲ.

ಇದಕ್ಕೆ ಮದ್ದು ಒಟ್ಟು ದರ. ಅಮೆರಿಕದ ಮೆಡಿಕೇರ್ 1983ರಲ್ಲೇ ರೋಗಕ್ಕಿಷ್ಟೆಂದು ಆಸ್ಪತ್ರೆಗಳಿಗೆ ಗೊತ್ತುಮಾಡಿತು. 2016ರಿಂದ ಅನೇಕ ಊರುಗಳಲ್ಲಿ ಮಂಡಿ, ಸೊಂಟದ ಕೀಲು ಬದಲಾಯಿಸುವ ಶಸ್ತ್ರಕ್ರಿಯೆಯನ್ನೂ ಅನಂತರದ 90 ದಿನಗಳ ಆರೈಕೆಯನ್ನೂ ಒಂದೇ ಲೆಕ್ಕಕ್ಕೆ ಕಟ್ಟಿತು. ಖರ್ಚು ಅಷ್ಟಿಷ್ಟು ಇಳಿಯಿತು; ಮುಖ್ಯವಾಗಿ, ದುಬಾರಿ ಶುಶ್ರೂಷಾಲಯಗಳಿಗೆ ರೋಗಿಗಳನ್ನು ಕಳುಹಿಸುವ ಅಭ್ಯಾಸ ತಗ್ಗಿದ್ದರಿಂದ. ನಮ್ಮಲ್ಲಿಯೂ ಇದು ಹೊಸದಲ್ಲ. ಗುಜರಾತಿನ ಚಿರಂಜೀವಿ ಯೋಜನೆ 2005ರಲ್ಲಿ ನೂರು ಹೆರಿಗೆಗೆ 1,79,500 ರೂಪಾಯಿ ಎಂದಿತು. ಸಹಜವಾಗಲಿ, ಸಿಸೇರಿಯನ್ ಆಗಲಿ, ಅದೇ ಹಣ. ನಮ್ಮ ತಾಯಿ ಭಾಗ್ಯವೂ ಅದೇ ದಾರಿ ಹಿಡಿದು ನೂರಕ್ಕೆ ಮೂರು ಲಕ್ಷ ಕೊಟ್ಟಿತು.

ಆದರೆ ಒಟ್ಟು ದರವೊಂದೇ ಸಾಕೆನ್ನುವ ಲೆಕ್ಕಿಗರನ್ನೂ ನಾವು ಒಪ್ಪೆವು. ಮದುವೆಯ ಊಟವನ್ನು ಎಲೆಗಿಷ್ಟೆಂದು ಗುತ್ತಿಗೆ ಕೊಟ್ಟವರಿಗೆ ಗೊತ್ತು: ಎರಡನೆಯ ಸಲ ತುಪ್ಪದ ಮಿಳ್ಳೆ ಆ ಪಂಕ್ತಿಯ ಕಡೆ ಸುಳಿಯುವುದಿಲ್ಲ. ಅಡಿಗೆಯವನಾದರೂ ಬಂದ ನೆಂಟರನ್ನು ಆರಿಸಿಕೊಳ್ಳಲಾರ, ಆಸ್ಪತ್ರೆ ಆರಿಸಿಕೊಳ್ಳಬಲ್ಲುದು. ರಕ್ತ ಕಡಮೆಯಿರುವವಳು, ರಕ್ತದ ಒತ್ತಡ ಏರಿದವಳು ಬಾಗಿಲಿಗೆ ಬಂದರೆ ‘ಬೆಂಗಳೂರಿಗೆ ಕರೆದೊಯ್ಯಿರಿ’ ಎಂಬ ಒಂದು ಚೀಟಿ ಸಾಕು. ಮೈಸೂರು ರಸ್ತೆಯ ಅರುವತ್ತು ಕಿಲೋಮೀಟರು ಯಾವ ಲೆಕ್ಕಕ್ಕೂ ಬಾರದು. ಚಿರಂಜೀವಿಯನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಯೋಜನೆಯಿಂದ ಮನೆಯವರ ಹೆರಿಗೆಯ ಖರ್ಚು ಇಳಿದದ್ದು ಕಾಣಲಿಲ್ಲವೆಂದಿತು. ಸರ್ಕಾರ ಕೊಟ್ಟದ್ದು ಬಡವನ ಜೇಬಿನವರೆಗೆ ಬರಲಿಲ್ಲವೆಂದರೆ ಉಚಿತವೆಂಬ ಮಾತಿಗೆ ಅರ್ಥವೇನು?

ಕಟ್ಟುವುದಾದರೆ ಗಂಟನ್ನು ಪೂರ್ತಿ ಕಟ್ಟಬೇಕು. ಸಹಜಕ್ಕೂ ಸಿಸೇರಿಯನ್‌ಗೂ ಒಂದೇ ದರ. ಹೆತ್ತ ಮೇಲಿನ 42 ದಿನಗಳಲ್ಲಿ ಗಾಯ ಕೀತು ತಾಯಿ ಮರಳಿ ಬಂದರೆ ಆ ಖರ್ಚೂ ಅದರೊಳಗೇ. ಅಪಾಯವುಳ್ಳ ಗರ್ಭಿಣಿಗೆ ಮೊದಲೇ, ಸರ್ಕಾರಿ ವೈದ್ಯರ ಮಾತಿನಂತೆ, ಹೆಚ್ಚಿನ ದರ ಗೊತ್ತಾಗಲಿ. ಆಗ ಅವಳನ್ನು ಸಾಗಹಾಕುವ ಆಸೆ ಹುಟ್ಟದು. ಹಾಗೂ ಸಾಗಹಾಕಿದರೆ ಕಳುಹಿಸಿದವರ ಲೆಕ್ಕದಲ್ಲೇ ಅವಳು ಉಳಿಯಲಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯಿದೆ ದರಪಟ್ಟಿಯನ್ನು ಎದುರಿಗೆ ತೂಗುಹಾಕಬೇಕೆನ್ನುತ್ತದೆ. ಆ ಪಟ್ಟಿಯ ಪಕ್ಕದಲ್ಲಿ, ಕಳೆದ ತಿಂಗಳು ಎಷ್ಟು ಹೆರಿಗೆ, ಎಷ್ಟು ಕತ್ತರಿ, ಎಷ್ಟು ಮಂದಿಯನ್ನು ಬೆಂಗಳೂರಿಗೆ ಅಟ್ಟಿದರು ಎಂಬುದನ್ನೂ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆಯಿಸಲಿ.