ಕರುಳಿನ ಕಾಯಿಲೆ, ದಾದಿಯ ಮನಸ್ಸು

ಕನ್ನಡಿಗರಿಗೆ ಕರುಳೆಂದರೆ ಬರೀ ಅನ್ನ ಅರಗಿಸುವ ಕೊಳವೆಯಲ್ಲ. ಮಗು ಬಿದ್ದು ಮಂಡಿ ತರಚಿಕೊಂಡರೆ ತಾಯಿಯ ಕರುಳು ಚುರುಕ್ ಎನ್ನುತ್ತದೆ. ಮಕ್ಕಳು ಕರುಳಿನ ಕುಡಿಗಳು. ದಯೆಯಿಲ್ಲದವನನ್ನು ‘ಕರುಳೇ ಇಲ್ಲದವ’ ಎಂದು ಬೈಯುವುದುಂಟು. ಅಂಥ ಕರುಳಿಗೇ ಕಾಯಿಲೆ ಬಂದು, ತಿಂಗಳುಗಟ್ಟಲೆ, ವರ್ಷಗಟ್ಟಲೆ ನರಳುವವರನ್ನು ಹಗಲಿರುಳು ನೋಡಿಕೊಳ್ಳುವ ದಾದಿಯರ ಕರುಳಿನ ಗತಿಯೇನು? ಆಸ್ಪತ್ರೆಯಿಂದ ಮನೆಗೆ ಬಂದವರು ವೈದ್ಯರ ಹೆಸರನ್ನು ನೆನಪಿಟ್ಟುಕೊಳ್ಳುತ್ತಾರೆ. ಬಿಲ್ಲಿನ ಮೊತ್ತವನ್ನಂತೂ ಮರೆಯುವುದೇ ಇಲ್ಲ. ‘ಸಿಸ್ಟರ್’ ಎಂದು ಕೂಗಿದಾಗಲೆಲ್ಲ ಓಡಿಬಂದವಳ ಹೆಸರು ಎಷ್ಟು ಮಂದಿಗೆ ಗೊತ್ತಿರುತ್ತದೆ?

ಚಾಮರಾಜಪೇಟೆಯಿಂದ ಕೃಷ್ಣರಾಜ ಮಾರುಕಟ್ಟೆಯ ಕಡೆಗೆ ಬಂದರೆ, ಹಳೆಯ ಕೋಟೆಯ ನೆರೆಯಲ್ಲೇ ವಿಕ್ಟೋರಿಯಾ ಆಸ್ಪತ್ರೆ ಸಿಗುತ್ತದೆ. 1897ರ ಜೂನ್ 22ರಂದು ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅದಕ್ಕೆ ಅಡಿಗಲ್ಲು ಇಟ್ಟರು. ಮರುವರ್ಷವೇ ಬೆಂಗಳೂರಿಗೆ ಪ್ಲೇಗ್ ಬಡಿಯಿತು. ಪೇಟೆಯ ಇಕ್ಕಟ್ಟು ಬೀದಿಗಳನ್ನು ಬಿಟ್ಟ ಜನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಿಗೆ ಹೋಗಿ ನೆಲೆಸಿದ್ದು ಆ ಕಾಲದಲ್ಲೇ. ಆಸ್ಪತ್ರೆ ತೆರೆದದ್ದು 1900ರ ಡಿಸೆಂಬರ್ 8ರಂದು. ಆಗ ಪ್ಲೇಗು, ವಾಂತಿಭೇದಿಗಳ ಕಾಲ. ರೋಗಿ ಒಂದೆರಡು ವಾರಗಳಲ್ಲಿ ಉಳಿಯುತ್ತಿದ್ದ, ಇಲ್ಲವೇ ಅಳಿಯುತ್ತಿದ್ದ. ಇಂದು ಅದೇ ಆವರಣದಲ್ಲಿ ಜಠರ ಮತ್ತು ಕರುಳಿನ ಕಾಯಿಲೆಗಳಿಗೂ ಅಂಗಾಂಗ ಕಸಿಗೂ ಮೀಸಲಾದ ಸರ್ಕಾರಿ ಸಂಸ್ಥೆ ಇದೆ. ಅಲ್ಲಿಗೂ, ನಗರದ ಇಂಥ ಬೇರೆ ಆಸ್ಪತ್ರೆಗಳಿಗೂ ಬರುವವರಲ್ಲಿ ಎಷ್ಟೋ ಮಂದಿಯ ಕಾಯಿಲೆ ಕೊಲ್ಲುವುದೂ ಇಲ್ಲ, ಬಿಟ್ಟು ಹೋಗುವುದೂ ಇಲ್ಲ.

ಅವುಗಳಲ್ಲಿ ಮುಖ್ಯವಾದವು ಎರಡು. ಒಂದು, ದೊಡ್ಡಕರುಳಿನ ಒಳಪದರದಲ್ಲಿ ಹುಣ್ಣೇಳುವ ಅಲ್ಸರೇಟಿವ್ ಕೊಲೈಟಿಸ್. ಇನ್ನೊಂದು ಕ್ರೋನ್ಸ್ ಕಾಯಿಲೆ. 1932ರಲ್ಲಿ ನ್ಯೂಯಾರ್ಕಿನ ವೈದ್ಯ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಇದನ್ನು ವಿವರಿಸಿದರು. ಇದು ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ, ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಹಬ್ಬಬಹುದು. ಎರಡರಲ್ಲೂ ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆ ತನ್ನ ಕರುಳಿನ ಮೇಲೆಯೇ ತಿರುಗಿಬೀಳುತ್ತದೆ. ವಂಶವಾಹಿಗಳು, ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು, ಪರಿಸರ ಎಲ್ಲವೂ ಇದರಲ್ಲಿ ಪಾಲುದಾರರು. ಇದು ಅಂಟುರೋಗವಲ್ಲ; ಯಾರ ಪಾಪದ ಫಲವೂ ಅಲ್ಲ. ಭಾರತದಲ್ಲಿ ಮತ್ತೊಂದು ತೊಡಕಿದೆ. ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯೂ ನೋಡಲು ಅವಳಿ ಮಕ್ಕಳಂತೆ. ಯಾವುದು ಯಾವುದೆಂದು ಬಿಡಿಸಲು ಕೆಲವೊಮ್ಮೆ ತಿಂಗಳುಗಳೇ ಬೇಕು.

ಈ ಕಾಯಿಲೆಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದು 15ರಿಂದ 35ರ ವಯಸ್ಸಿನಲ್ಲಿ, ಎಂದರೆ ಓದುವ, ಕೆಲಸ ಹಿಡಿಯುವ, ಮದುವೆಯಾಗುವ ಹೊತ್ತಿನಲ್ಲಿ. ಔಷಧದಿಂದ ಅದುಮಿಡಬಹುದು, ಬೇರುಸಹಿತ ಕೀಳುವ ಮದ್ದು ಇನ್ನೂ ಸಿಕ್ಕಿಲ್ಲ. ಆರು ತಿಂಗಳು ಚೆನ್ನಾಗಿದ್ದವರಿಗೆ ಒಂದು ದಿನ ಇದ್ದಕ್ಕಿದ್ದಂತೆ ಮರುಕಳಿಸುತ್ತದೆ.

ಇನ್ನು ಸ್ವಲ್ಪ ಲೆಕ್ಕ. ದಿನಕ್ಕೆ ಆರು ಸಲ ಅಥವಾ ಅದಕ್ಕಿಂತ ಹೆಚ್ಚು ರಕ್ತಭೇದಿಯಾಗಿ, ಜೊತೆಗೆ ಜ್ವರ, ನಾಡಿಯ ವೇಗದಂಥ ಲಕ್ಷಣಗಳಿದ್ದರೆ ಕೊಲೈಟಿಸ್ ತೀವ್ರವಾಗಿದೆ ಎಂದು ಅರ್ಥ. 1955ರಲ್ಲಿ ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ ಎಂಬ ವೈದ್ಯರು ಹಾಕಿಕೊಟ್ಟ ಅಳತೆ ಇದು, ಇಂದಿಗೂ ಬಳಕೆಯಲ್ಲಿದೆ. ವಾರ್ಡಿನಲ್ಲಿ ಇಂಥ ಹತ್ತು ಮಂದಿ ಇದ್ದು, ಒಬ್ಬೊಬ್ಬರಿಗೂ ದಿನಕ್ಕೆ ಹತ್ತು ಸಲ ಭೇದಿಯಾಗುತ್ತದೆ ಎಂದುಕೊಳ್ಳಿ. ದಿನಕ್ಕೆ ನೂರು ಸಲವಾಯಿತು. 24 ಗಂಟೆಯೆಂದರೆ 1440 ನಿಮಿಷ. ಅಲ್ಲಿಗೆ ಹದಿನಾಲ್ಕು ನಿಮಿಷಕ್ಕೊಮ್ಮೆ ಯಾರೋ ಒಬ್ಬರು ಎದ್ದು ಓಡುತ್ತಾರೆ, ಇಲ್ಲವೇ ಏಳಲಾಗದೆ ಹಾಸಿಗೆಯಲ್ಲೇ ಕಣ್ಣೀರು ಹಾಕುತ್ತಾರೆ. ಎಲ್ಲರಿಗೂ ದಾದಿಯ ಕೈ ಬೇಕಾಗುವುದಿಲ್ಲ, ನಿಜ. ಆದರೆ ಎಷ್ಟು ಸಲ ಆಯಿತು, ನೀರಾಗಿತ್ತೇ, ರಕ್ತವಿತ್ತೇ ಎಂದು ಕೇಳಿ, ನೋಡಿ, ಬರೆದಿಡುವ ಕೆಲಸ ಅವಳದೇ. ಮಲದ ರೂಪವನ್ನು ಏಳು ಬಗೆಯಾಗಿ ವಿಂಗಡಿಸಿದ ‘ಬ್ರಿಸ್ಟಲ್ ಪಟ್ಟಿ’ 1997ರಿಂದ ಬಳಕೆಗೆ ಬಂದಿದೆ. ಆ ಪಟ್ಟಿಯಲ್ಲಿ ರೋಗಿಯ ಮಲಕ್ಕೆ ಏಳು ಬಗೆಗಳಿವೆ. ಅದನ್ನು ನೋಡಿ ಬರೆಯುವವಳ ಮನಸ್ಸಿಗೆ ಯಾವ ಪಟ್ಟಿಯಲ್ಲೂ ಒಂದು ಸಾಲಿಲ್ಲ.

ರಾತ್ರಿ ಪಾಳಿಯ ಒಂದು ದೃಶ್ಯವನ್ನು ಕಲ್ಪಿಸಿಕೊಳ್ಳಿ. ಎರಡನೇ ಪಿಯುಸಿ ಓದುವ ಹುಡುಗ. ಮೂರನೇ ಸಲ ದಾಖಲಾಗಿದ್ದಾನೆ. “ಸಿಸ್ಟರ್, ಮತ್ತೆ ಹಾಸಿಗೆ ಹಾಳಾಯ್ತು” ಎಂದು ಗೋಡೆಯ ಕಡೆ ಮುಖ ತಿರುಗಿಸಿ ಹೇಳುತ್ತಾನೆ. “ಪರವಾಗಿಲ್ಲ ಬಿಡಪ್ಪ, ಇದಕ್ಕೇ ಅಲ್ಲವೆ ನಾವಿರೋದು” ಎನ್ನುತ್ತಾಳೆ ಆಕೆ. ಬಟ್ಟೆ ಬದಲಿಸುತ್ತಾಳೆ, ಮೈ ಒರೆಸುತ್ತಾಳೆ. ಮೂಗಿಗೆ ವಾಸನೆ ಬಡಿಯುತ್ತಿದ್ದರೂ ಮುಖದ ಒಂದು ಗೆರೆಯೂ ಅಲುಗಬಾರದು. ಅಲುಗಿದರೆ ಹುಡುಗ ಕುಗ್ಗಿಹೋಗುತ್ತಾನೆ. ಬಹುಶಃ ಇನ್ನೊಂದು ಸಲ ಕರೆಯುವುದೇ ಇಲ್ಲ.

ಆ ಒಂದು ಗೆರೆಯನ್ನು ಹಿಡಿದಿಡುವುದಕ್ಕೆ ಎಷ್ಟು ಶ್ರಮ ಬೇಕು ಗೊತ್ತೆ? ಅಸಹ್ಯ ಎನ್ನುವುದು ಮನುಷ್ಯನ ಸ್ವಭಾವದೋಷವಲ್ಲ, ರಕ್ಷಣೆಯ ಕವಚ. ಕೊಳೆತದ್ದರಿಂದ, ಮಲದಿಂದ ದೂರ ಸರಿ ಎಂದು ಮಿದುಳು ಕೂಗಿ ಹೇಳುವ ಎಚ್ಚರಿಕೆ ಅದು. ದಾದಿ ಅದನ್ನು ಮೀರಿ ಹತ್ತಿರ ಹೋಗಬೇಕು, ಅದೂ ನಗುಮುಖದಿಂದ. ಹೀಗೆ ಕೆಲಸಕ್ಕಾಗಿ ಭಾವನೆಗಳನ್ನು ಅದುಮಿ, ಬೇರೊಂದು ಭಾವವನ್ನು ತೋರಿಸುವುದೂ ಒಂದು ದುಡಿಮೆಯೇ ಎಂದು 1983ರಲ್ಲಿ ಅಮೆರಿಕದ ಸಮಾಜವಿಜ್ಞಾನಿ ಆರ್ಲಿ ಹಾಕ್‌ಶೀಲ್ಡ್ ವಾದಿಸಿದರು. ಮೂಟೆ ಹೊತ್ತವನ ಬೆವರು ಕಾಣುತ್ತದೆ. ಈ ದುಡಿಮೆಯ ಬೆವರು ಕಾಣುವುದಿಲ್ಲ.

ಇಲ್ಲಿ ವಿಜ್ಞಾನ ಒಂದು ಸ್ವಾರಸ್ಯದ ಸಂಗತಿಯನ್ನು ಹೇಳುತ್ತದೆ. ಮಿದುಳಿನ ಮಡಿಕೆಗಳ ಒಳಗೆ ‘ಇನ್ಸುಲಾ’ ಎಂಬ ಭಾಗವಿದೆ. ಹೊಟ್ಟೆ, ಕರುಳು, ಹೃದಯ ಮೊದಲಾದ ಒಳಗಿನ ಅಂಗಗಳಿಂದ ಬರುವ ಸುದ್ದಿ ತಲುಪುವ ಜಾಗಗಳಲ್ಲಿ ಅದೂ ಒಂದು. ಅಸಹ್ಯಪಟ್ಟಾಗಲೂ ಅದು ಚುರುಕಾಗುತ್ತದೆ. 2004ರಲ್ಲಿ ತಾನಿಯಾ ಸಿಂಗರ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಮಾಡಿದ ಪ್ರಯೋಗದಲ್ಲಿ, ಪ್ರೀತಿಪಾತ್ರರಿಗೆ ನೋವಾಗುತ್ತಿದೆ ಎಂದು ತಿಳಿದಾಗಲೂ ಅದೇ ಭಾಗ ಚುರುಕಾದದ್ದು ಕಂಡುಬಂತು. ‘ಕರುಳು ಚುರುಕ್ ಎಂದಿತು’ ಎಂಬ ಮಾತು ಬರೀ ಅಲಂಕಾರವಲ್ಲ. ಹೇಸಿಗೆಯ ತಾಣವೂ ಮರುಕದ ತಾಣವೂ ಒಂದಕ್ಕೊಂದು ಅಷ್ಟು ಹತ್ತಿರ. ಕರುಳಿನ ವಾರ್ಡಿನ ದಾದಿ ಒಂದನ್ನು ಅದುಮುತ್ತ, ಇನ್ನೊಂದನ್ನು ತೆರೆದಿಡಬೇಕು, ಅದೂ ಇಡೀ ಪಾಳಿ.

ಇಷ್ಟೇ ಅಲ್ಲ. ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಮೀರಿ ನರಕೋಶಗಳಿವೆ. ಸೆರೊಟೋನಿನ್ ಎಂಬ ರಾಸಾಯನಿಕದ ಶೇಕಡ 90ರಷ್ಟು ಇರುವುದು ಮಿದುಳಿನಲ್ಲಲ್ಲ, ಕರುಳಿನಲ್ಲಿ. ಮನಸ್ಸು ಕದಡಿದರೆ ಕರುಳೂ ಕದಡುತ್ತದೆ ಎಂಬುದು ಪರೀಕ್ಷೆಯ ದಿನ ಬೆಳಿಗ್ಗೆ ಪ್ರತಿಯೊಬ್ಬ ವಿದ್ಯಾರ್ಥಿಗೂ ಗೊತ್ತಾಗುವ ಸತ್ಯ. ಪಾಳಿ ಬದಲಾಗುತ್ತ ರಾತ್ರಿ ಎಚ್ಚರವಿದ್ದು, ಊಟದ ಹೊತ್ತು ತಪ್ಪುವ ದಾದಿಯ ದೇಹದ ಗಡಿಯಾರ ದಾರಿ ತಪ್ಪುತ್ತದೆ. ಕರುಳಿನ ರೋಗಿಯನ್ನು ನೋಡಿಕೊಳ್ಳುವವಳಿಗೇ ಹೊಟ್ಟೆಯುಬ್ಬರ, ಎದೆಯುರಿ, ನಿದ್ರೆಯಿಲ್ಲದ ಹಗಲು.

ಜೊತೆಗೆ ಬೈಗುಳವೂ ಇದೆ. ಕೊಲೈಟಿಸ್ ಉಲ್ಬಣಿಸಿದಾಗ ಕೊಡುವ ಸ್ಟೀರಾಯಿಡ್ ಔಷಧ ಜೀವ ಉಳಿಸುತ್ತದೆ, ಆದರೆ ಕೆಲವರಲ್ಲಿ ಸಿಡುಕು, ನಿದ್ರಾಹೀನತೆ ತರುತ್ತದೆ. ನಿನ್ನೆ “ಸಿಸ್ಟರ್, ನೀವೇ ದೇವರು” ಎಂದವನು ಇಂದು ತಟ್ಟೆ ಎಸೆಯಬಹುದು. ಇದು ಮದ್ದಿನ ಗುಣ, ತನ್ನ ಮೇಲಿನ ದ್ವೇಷವಲ್ಲ ಎಂದು ತಿಳಿದ ದಾದಿಗೆ ನೋವು ಅರ್ಧವಾಗುತ್ತದೆ. ತಿಳಿವಳಿಕೆಯೂ ಒಂದು ಮುಲಾಮು.

ಉಳಿದರ್ಧ ನೋವು ಎಲ್ಲಿಗೆ ಹೋಗಬೇಕು? 1960ರಲ್ಲಿ ಇಸಬೆಲ್ ಮೆಂಜೀಸ್ ಎಂಬ ಮನೋವಿಶ್ಲೇಷಕಿ ಲಂಡನ್ನಿನ ಒಂದು ಬೋಧನಾ ಆಸ್ಪತ್ರೆಯ ದಾದಿಯರ ಕುರಿತು ಬರೆದರು. ಅಲ್ಲಿ ರೋಗಿಗಳನ್ನು ಹೆಸರಿನಿಂದಲ್ಲ, ಮಂಚದ ಸಂಖ್ಯೆಯಿಂದಲೋ ಕಾಯಿಲೆಯ ಅಂಗದಿಂದಲೋ ಕರೆಯುವ ರೂಢಿಯಿತ್ತು. ಒಬ್ಬ ದಾದಿ ಒಬ್ಬ ರೋಗಿಗೆ ಹೆಚ್ಚು ಹತ್ತಿರವಾಗದಂತೆ ಕೆಲಸವನ್ನು ತುಂಡು ತುಂಡಾಗಿ ಹಂಚಲಾಗುತ್ತಿತ್ತು. ಇದೆಲ್ಲ ಸಂಕಟದಿಂದ ತಪ್ಪಿಸಿಕೊಳ್ಳಲು ಕಟ್ಟಿದ ಗೋಡೆ ಎಂದರು ಮೆಂಜೀಸ್. ಗೋಡೆಯಿಂದ ಸಂಕಟ ಕಡಿಮೆಯಾಗಲಿಲ್ಲ. ಕೆಲಸದಲ್ಲಿ ಸಿಗುವ ತೃಪ್ತಿ ಮಾತ್ರ ಕಡಿಮೆಯಾಯಿತು. ಇದು ಬೆಳೆದರೆ ಮನಸ್ಸು ಬತ್ತುತ್ತದೆ. ಎಣ್ಣೆ ತೀರಿದ ದೀಪ ಬತ್ತಿಯನ್ನೇ ಸುಟ್ಟುಕೊಳ್ಳುವ ಈ ಸ್ಥಿತಿಗೆ ‘ಬರ್ನೌಟ್’ ಎಂದು ಹೆಸರು. ದಣಿವು, ರೋಗಿಯ ಬಗ್ಗೆ ಮರಗಟ್ಟಿದ ಭಾವ, ‘ನನ್ನಿಂದೇನೂ ಆಗದು’ ಎಂಬ ಹತಾಶೆ ಇದರ ಮೂರು ಗುರುತುಗಳು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ವೃತ್ತಿಗೆ ಸಂಬಂಧಿಸಿದ ಸಮಸ್ಯೆ ಎಂದು ತನ್ನ ಪಟ್ಟಿಯಲ್ಲಿ ವಿವರಿಸಿತು. ‘ಆ ಸಿಸ್ಟರ್ ಕಲ್ಲು’ ಎಂದು ದೂರುವವರು ಒಂದು ಕ್ಷಣ ಯೋಚಿಸಬೇಕು. ಕಲ್ಲಾಗಿ ಯಾರೂ ಈ ಕೆಲಸಕ್ಕೆ ಸೇರಿರುವುದಿಲ್ಲ.

ಪರಿಹಾರವಿಲ್ಲವೆ? ಇದೆ. ಮೊದಲನೆಯದು ಕೈಗಳ ಸಂಖ್ಯೆ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ದಾದಿ, ಇತರ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಕಾಗದದ ಈ ಲೆಕ್ಕ ವಾರ್ಡಿಗೆ ಇಳಿಯದೆ ದಾದಿಗೆ ‘ಧ್ಯಾನ ಮಾಡಿ, ಸಮಾಧಾನದಿಂದಿರಿ’ ಎಂದು ಉಪದೇಶಿಸಿದರೆ ಫಲವಿಲ್ಲ.

ಎರಡನೆಯದು ಮಾತು. ಅಮೆರಿಕದ ಬಾಸ್ಟನ್ನಿನಲ್ಲಿ ಕೆನೆತ್ ಶ್ವಾರ್ಟ್ಸ್ ಎಂಬ ವಕೀಲರು 1995ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ತಮ್ಮನ್ನು ನೋಡಿಕೊಂಡವರ ಕರುಣೆಯನ್ನು ನೆನೆದು ಅವರು ಆರಂಭಿಸಿದ ಸಂಸ್ಥೆಯಿಂದ ‘ಶ್ವಾರ್ಟ್ಸ್ ರೌಂಡ್ಸ್’ ಹುಟ್ಟಿತು. ವೈದ್ಯರು, ದಾದಿಯರು, ಇತರ ಸಿಬ್ಬಂದಿ ಒಂದೆಡೆ ಕುಳಿತು, ರೋಗದ ಬಗ್ಗೆಯಲ್ಲ, ರೋಗಿಯನ್ನು ನೋಡಿಕೊಳ್ಳುವಾಗ ತಮಗೆ ಏನನ್ನಿಸಿತು ಎಂಬ ಬಗ್ಗೆ ಮಾತಾಡುವ ಕೂಟ ಇದು. ಇಂಗ್ಲೆಂಡಿನಲ್ಲಿ ನಡೆದ ಅಧ್ಯಯನವೊಂದರಲ್ಲಿ, ಇದಕ್ಕೆ ತಪ್ಪದೆ ಬರುತ್ತಿದ್ದವರ ಪೈಕಿ ಮನಸ್ಸಿನ ಬಳಲಿಕೆ ಇದ್ದವರ ಪ್ರಮಾಣ ಶೇಕಡ 25ರಿಂದ 12ಕ್ಕೆ ಇಳಿಯಿತು. ಬರದಿದ್ದವರಲ್ಲಿ 37ರಿಂದ 34ಕ್ಕೆ ಮಾತ್ರ. ಇದಕ್ಕೆ ಯಂತ್ರ ಬೇಡ. ಒಂದು ಕೋಣೆ, ಒಂದು ಗಂಟೆ, ಒಂದಿಷ್ಟು ಕಾಫಿ ಸಾಕು.

ಒಂಟಿಯಾಗಿ ತಡೆಯಲಾಗದವರಿಗೆ ಸರ್ಕಾರದ ‘ಟೆಲಿ ಮಾನಸ್’ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಉಚಿತ ದೂರವಾಣಿ ನೆರವಿನ ಸಂಖ್ಯೆ 14416. ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು. ದಾದಿಯರಿಗೂ ಇದು ತೆರೆದ ಬಾಗಿಲು.

ಮೂರನೆಯದು ಮನೆ. ರಾತ್ರಿ ಪಾಳಿ ಮುಗಿಸಿ, ಮಾರುಕಟ್ಟೆಯ ಹೂವಿನ ರಾಶಿಗಳನ್ನು ದಾಟಿ, ಬಸ್ಸು ಹಿಡಿದು ಬಂದವಳಿಗೆ “ಮೊದಲು ಸ್ನಾನ ಮಾಡು, ಆಮೇಲೆ ಏನನ್ನಾದರೂ ಮುಟ್ಟು” ಎಂಬ ಮಾತೇ ಸ್ವಾಗತವಾದರೆ ಹೇಗೆ? ಸ್ನಾನ ಅವಳೇ ಮಾಡುತ್ತಾಳೆ. ಶುಚಿತ್ವದ ಪಾಠ ಅವಳಿಗೆ ಬೇಕಿಲ್ಲ. ಊಟಕ್ಕೆ ಕುಳಿತಾಗ ‘ಇವತ್ತು ಆಫೀಸಿನಲ್ಲಿ ಏನಾಯಿತು’ ಎಂದು ಗಂಡ ಹೇಳಬಹುದು, ‘ಶಾಲೆಯಲ್ಲಿ ಏನಾಯಿತು’ ಎಂದು ಮಗಳು ಹೇಳಬಹುದು. ಅವಳು ಮಾತ್ರ ಹೇಳುವಂತಿಲ್ಲ. ತಟ್ಟೆಯ ಮುಂದೆ ಬೇಡ, ಸರಿ. ಊಟವಾದ ಮೇಲೆ “ಆ ಪಿಯುಸಿ ಹುಡುಗ ಹೇಗಿದ್ದಾನೆ?” ಎಂದು ಯಾರಾದರೂ ಕೇಳಿದರೆ ಅವಳ ಎದೆಯ ಭಾರ ಇಳಿದೀತು.

ಮಗಳೋ ಮಗನೋ ನರ್ಸಿಂಗ್ ಓದುತ್ತೇನೆ ಎಂದರೆ “ಆ ಗಲೀಜು ಕೆಲಸವೆ?” ಎಂದು ಹುಬ್ಬೇರಿಸುವ ತಂದೆತಾಯಿಗಳು ಒಂದು ಕಥೆ ಕೇಳಬೇಕು. ಡೆನ್ಮಾರ್ಕಿನಲ್ಲಿ ಎಲಿಸ್ ಸೊರೆನ್‌ಸೆನ್ ಎಂಬ ದಾದಿಯಿದ್ದರು. ಅವರ ತಂಗಿ ಥೋರಾಗೆ ಕರುಳಿನ ಶಸ್ತ್ರಚಿಕಿತ್ಸೆಯಾಗಿ, ಹೊಟ್ಟೆಯ ಮೇಲಿನ ರಂಧ್ರದಿಂದ ಮಲ ಹೊರಬರುವಂತೆ ಮಾಡಲಾಗಿತ್ತು. ಎಲ್ಲಿ ಸೋರಿಬಿಡುತ್ತದೋ ಎಂಬ ಭಯದಿಂದ ಥೋರಾ ಮನೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲ. ಎಲಿಸ್ ಹೇಸಲಿಲ್ಲ, ಬರೀ ಮರುಗಿ ಸುಮ್ಮನಾಗಲೂ ಇಲ್ಲ. 1954ರಲ್ಲಿ ಚರ್ಮಕ್ಕೆ ಅಂಟಿಕೊಳ್ಳುವ, ಬಳಸಿ ಎಸೆಯಬಹುದಾದ ಚೀಲವೊಂದನ್ನು ಯೋಚಿಸಿದರು. ಪ್ಲಾಸ್ಟಿಕ್ ತಯಾರಕರೊಬ್ಬರನ್ನು ಒಪ್ಪಿಸಲು ಆ ತಯಾರಕರ ಹೆಂಡತಿಯ ಮಾತು ನೆರವಾಯಿತು. ಆಕೆಯೂ ದಾದಿಯೇ! ಇಂದು ಲೋಕದೆಲ್ಲೆಡೆ ಲಕ್ಷಾಂತರ ಮಂದಿ ಅಂಥ ಚೀಲ ಧರಿಸಿ ಕಚೇರಿಗೆ, ಕಾಲೇಜಿಗೆ, ಮದುವೆಮನೆಗೆ ಹೋಗಿಬರುತ್ತಾರೆ.

ಒಬ್ಬ ದಾದಿಯ ಮರುಕಕ್ಕೆ ಕಿವಿಗೊಡುವವರು ಸಿಕ್ಕಿದ್ದರಿಂದ ಇದು ಆಯಿತು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ವಿದ್ಯಾರ್ಥಿಗಳು ಒಂದು ಸಣ್ಣ ಕೆಲಸ ಮಾಡಬಹುದು. ‘ಸಿಸ್ಟರ್’ ಎಂದು ಕರೆದ ಮೇಲೆ ಅವರ ಹೆಸರು ಕೇಳಿ. “ನಿಮ್ಮ ಊಟ ಆಯ್ತಾ?” ಎಂದೂ ಕೇಳಿ.