ಕೈಚೀಲಕ್ಕೆ ಬಂದು ಸೇರಿದ ಭಾರಗಳು

2024ರ ಜನವರಿ 2ರ ಸಂಜೆ ಟೋಕಿಯೊದ ಹನೇಡಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನವು ರನ್‌ವೇ ಮೇಲಿದ್ದ ಕರಾವಳಿ ರಕ್ಷಣಾ ಪಡೆಯ ಚಿಕ್ಕ ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿ ಉರಿಯಿತು. ಚಿಕ್ಕ ವಿಮಾನದಲ್ಲಿದ್ದ ಆರು ಮಂದಿಯಲ್ಲಿ ಐವರು ಮೃತಪಟ್ಟರು. ಆದರೆ ದೊಡ್ಡ ವಿಮಾನದಲ್ಲಿದ್ದ 379 ಮಂದಿಯೂ ಜೀವಂತವಾಗಿ ಹೊರಬಂದರು. ಸಾಮಾನನ್ನು ಇದ್ದಲ್ಲಿಯೇ ಬಿಟ್ಟು ಬನ್ನಿ ಎಂಬ ಸಿಬ್ಬಂದಿಯ ಮಾತನ್ನು ಪ್ರಯಾಣಿಕರು ಪಾಲಿಸಿದ್ದು ಅದಕ್ಕೆ ಒಂದು ಮುಖ್ಯ ಕಾರಣವೆಂದು ಜಗತ್ತೇ ಕೊಂಡಾಡಿತು.

ಇದಕ್ಕೆ ಸುಮಾರು ಏಳೂವರೆ ವರ್ಷ ಮುಂಚೆ, 2016ರ ಆಗಸ್ಟ್ 3ರಂದು, ತಿರುವನಂತಪುರದಿಂದ ದುಬೈಗೆ ಹೋದ ಎಮಿರೇಟ್ಸ್ ವಿಮಾನ ರನ್‌ವೇ ಮೇಲೆ ಅಪಘಾತಕ್ಕೀಡಾದಾಗ ಕಂಡ ದೃಶ್ಯ ಬೇರೆಯದಾಗಿತ್ತು. ಹೊಗೆ ತುಂಬುತ್ತಿದ್ದ ಕ್ಯಾಬಿನ್‌ನಲ್ಲಿ ಪ್ರಯಾಣಿಕರು ತಲೆಯ ಮೇಲಿನ ಲಾಕರ್ ತೆರೆದು ಚೀಲ, ಲ್ಯಾಪ್‌ಟಾಪ್ ಹುಡುಕುತ್ತಿದ್ದುದು ಮೊಬೈಲ್ ವಿಡಿಯೊಗಳಲ್ಲಿ ದಾಖಲಾಯಿತು. ವಿಮಾನದಲ್ಲಿದ್ದ 300 ಮಂದಿಯೂ ಪಾರಾದರು. ಆದರೆ ವಿಮಾನ ನಿಂತು ಹತ್ತು ನಿಮಿಷ ತುಂಬುವ ಮೊದಲೇ ಇಂಧನ ಟ್ಯಾಂಕ್ ಸ್ಫೋಟಗೊಂಡು ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಅಸುನೀಗಿದರು.

ಎರಡನೆಯ ದೃಶ್ಯವನ್ನು ಕಂಡು ಪ್ರಯಾಣಿಕರನ್ನು ಹಳಿಯುವುದು ಸುಲಭ. ಆದರೆ ಗಲ್ಫ್‌ನಲ್ಲಿ ದುಡಿಯುವವನ ಕೈಚೀಲದಲ್ಲಿ ಏನಿರುತ್ತದೆಂಬುದನ್ನು ನೆನೆದರೆ ಆ ಚಡಪಡಿಕೆಯ ಮೂಲ ಅರ್ಥವಾಗುತ್ತದೆ. ಪಾಸ್‌ಪೋರ್ಟ್, ವೀಸಾ ಕಾಗದ, ಪ್ರಮಾಣಪತ್ರ, ಒಡವೆ, ಔಷಧಿ ಎಲ್ಲವೂ ಅದರೊಳಗೇ ಇರುತ್ತವೆ. ಬೆಲೆಬಾಳುವುದನ್ನೆಲ್ಲ ಕೈಚೀಲದಲ್ಲಿಯೇ ಇಟ್ಟುಕೊಳ್ಳಿ ಎಂದು ವಿಮಾನಯಾನ ಸಂಸ್ಥೆಗಳೇ ಹೇಳುತ್ತವೆ. ಅಪಾಯದ ಗಳಿಗೆಯಲ್ಲಿ ಅದೇ ಚೀಲವನ್ನು ಬಿಟ್ಟು ಓಡಿ ಎಂದೂ ಅವೇ ಆಜ್ಞಾಪಿಸುತ್ತವೆ. ಈ ಎರಡು ಸೂಚನೆಗಳ ನಡುವಿನ ವಿರೋಧಾಭಾಸವೇ ಇಂದಿನ ಕೈಚೀಲದ ನಿಜವಾದ ಸಮಸ್ಯೆ.

ಶುಲ್ಕ ತಳ್ಳಿದ ಸಾಮಾನು

ಕೈಚೀಲ ಇಷ್ಟೊಂದು ಮಹತ್ವ ಪಡೆದದ್ದು ತಾನಾಗಿಯೇ ಅಲ್ಲ. 2008ರಲ್ಲಿ ಇಂಧನ ಬೆಲೆ ಗಗನಕ್ಕೇರಿದಾಗ ಅಮೆರಿಕದ ದೊಡ್ಡ ಸಂಸ್ಥೆಗಳು ಚೆಕ್-ಇನ್ ಮಾಡುವ ಮೊದಲ ಪೆಟ್ಟಿಗೆಗೂ ಹಣ ಕೇಳತೊಡಗಿದವು. ಶುಲ್ಕ ತಪ್ಪಿಸಲು ಜನ ಸಾಮಾನನ್ನು ಕ್ಯಾಬಿನ್‌ಗೆ ತಂದರು. ಮುಂದೆ ಯುರೋಪಿನ ಅಗ್ಗದ ದರದ ಸಂಸ್ಥೆಗಳು ಕೈಚೀಲದ ಮೇಲೂ ದರ ಕಟ್ಟಿದವು. ಸಮಂಜಸ ಗಾತ್ರದ ಕೈಚೀಲ ಪ್ರಯಾಣದ ಅವಿಭಾಜ್ಯ ಅಂಗ ಎಂದು ಯುರೋಪಿಯನ್ ನ್ಯಾಯಾಲಯವು 2014ರಲ್ಲಿ ಅಭಿಪ್ರಾಯಪಟ್ಟಿತ್ತು. ಇಂಥ ವಸೂಲಿಗಾಗಿಯೂ ಇತರ ಕೆಲವು ಕ್ರಮಗಳಿಗಾಗಿಯೂ ಸ್ಪೇನ್ ಸರಕಾರ 2024ರ ನವೆಂಬರ್‌ನಲ್ಲಿ ಐದು ಸಂಸ್ಥೆಗಳಿಗೆ ಒಟ್ಟು 17.9 ಕೋಟಿ ಯೂರೊ ದಂಡ ವಿಧಿಸಿತು.

ಭಾರತವೂ ಇದೇ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿದೆ. ಬರಿಯ ಕೈಚೀಲದೊಂದಿಗೆ ಪ್ರಯಾಣಿಸುವವರಿಗೆ ದೇಶದೊಳಗಿನ ಹಾರಾಟಗಳಲ್ಲಿ ಟಿಕೆಟ್ ದರದಲ್ಲಿ ರಿಯಾಯಿತಿ ನೀಡಲು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2021ರ ಫೆಬ್ರವರಿಯಲ್ಲಿ ಅವಕಾಶ ಕೊಟ್ಟಿತು. ಇನ್ನೊಂದೆಡೆ, ಪ್ರಯಾಣಿಕರಿಗೆ ಒಂದೇ ಕೈಚೀಲ ಎಂಬ ಭದ್ರತಾ ನಿಯಮವೂ ಇಕಾನಮಿ ದರ್ಜೆಯ 7 ಕಿಲೊ ಮಿತಿಯೂ ಇವೆ. ಚಕ್ರದ ಪೆಟ್ಟಿಗೆಯೇ ಖಾಲಿಯಿದ್ದಾಗ ಎರಡೂವರೆ, ಮೂರು ಕಿಲೊ ತೂಗಿದರೆ ಉಳಿಯುವುದು ನಾಲ್ಕು ಕಿಲೊ ಮಾತ್ರ. ಹೀಗಾಗಿ ಹದಿನೈದು, ಹದಿನೇಳು ತಾಸಿನ ಹಾರಾಟಕ್ಕೆ ಹೊರಡುವವರು ಹಗುರವಾದ ಬಟ್ಟೆಯ ಬೆನ್ನುಚೀಲ ಆರಿಸಿಕೊಳ್ಳುವುದು ಲೆಕ್ಕಾಚಾರದ ಮೊದಲ ಹೆಜ್ಜೆ.

ಒಂದೊಂದು ಸಂಚಿಗೂ ಒಂದೊಂದು ನಿಯಮ

ಕೈಚೀಲದ ತಪಾಸಣೆಯ ನಿಯಮಗಳನ್ನು ಓದುವುದೆಂದರೆ ಕಳೆದ ಕಾಲು ಶತಮಾನದ ಭಯೋತ್ಪಾದನೆಯ ಚರಿತ್ರೆಯನ್ನು ಓದಿದಂತೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಚೂರಿ, ಬ್ಲೇಡುಗಳು ಹೊರಬಿದ್ದವು. ಲಂಡನ್‌ನಿಂದ ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ದ್ರವ ಸ್ಫೋಟಕದಿಂದ ಉಡಾಯಿಸುವ ಸಂಚು 2006ರ ಆಗಸ್ಟ್‌ನಲ್ಲಿ ಬಯಲಾದ ಮೇಲೆ 100 ಮಿಲಿಲೀಟರ್ ಮಿತಿ ಬಂತು. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಮಿಲಿಲೀಟರ್ ಅಳತೆಯ ಅಥವಾ ಅದನ್ನು ಮೀರಿದ ಪುಡಿ ಪದಾರ್ಥಗಳಿಗೆ 2018ರ ಜೂನ್ 30ರಿಂದ ವಿಶೇಷ ತಪಾಸಣೆ ಜಾರಿಯಾಯಿತು.

ಈ ಕೊನೆಯ ನಿಯಮ ಕನ್ನಡಿಗರಿಗೆ ನೇರವಾಗಿ ತಟ್ಟುವಂಥದ್ದು. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ತಾಯಿಯ ಕೈಚೀಲದಲ್ಲಿ ಸಾರಿನ ಪುಡಿ, ಚಟ್ನಿಪುಡಿಗಳ ಡಬ್ಬಿ ಇರುವುದು ವಾಡಿಕೆ. ಅನುಮಾನ ಪರಿಹಾರವಾಗದಿದ್ದರೆ ಅವು ತಪಾಸಣೆಯ ಮೇಜಿನಲ್ಲಿಯೇ ಉಳಿಯುತ್ತವೆ. ತುಪ್ಪ ಮತ್ತು ಎಣ್ಣೆ ತೇಲುವ ಉಪ್ಪಿನಕಾಯಿ ದ್ರವದ ಲೆಕ್ಕಕ್ಕೆ ಬರುತ್ತವೆ. ಇವೆಲ್ಲದರ ಜಾಗ ಚೆಕ್-ಇನ್ ಪೆಟ್ಟಿಗೆ. ಆದರೆ ತಿಪಟೂರಿನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಒಣ ಕೊಬ್ಬರಿಗೆ ಅಲ್ಲಿಯೂ ಜಾಗವಿಲ್ಲ. ಎಣ್ಣೆಯಂಶದಿಂದಾಗಿ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುವೆಂದು ಅದು ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿದೆ. ಇನ್ನು ಗಸಗಸೆಯು ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯಾ ಮತ್ತು ಸಿಂಗಪುರಗಳಲ್ಲಿ ಮಾದಕ ವಸ್ತುಗಳ ಕಾನೂನಿನಡಿ ನಿಷಿದ್ಧ. ಪಾಯಸಕ್ಕೆಂದು ಕಟ್ಟಿದ ಪೊಟ್ಟಣ ಸೆರೆಮನೆಯ ದಾರಿ ತೋರಿಸಬಾರದೆಂದರೆ ಆ ನಿಲ್ದಾಣಗಳ ಮೂಲಕ ಸಾಗುವವರೂ ಅದನ್ನು ಮನೆಯಲ್ಲಿಯೇ ಬಿಡುವುದು ಕ್ಷೇಮ.

ಹೊಸ ಸ್ಕ್ಯಾನರ್‌ಗಳು ಬಂದಂತೆ ದ್ರವದ ಮಿತಿ ಕೆಲವೆಡೆ ಸಡಿಲಗೊಳ್ಳುತ್ತಿದೆ. ಎಡಿನ್‌ಬರೋ ನಿಲ್ದಾಣವು 2025ರಲ್ಲಿ 2 ಲೀಟರ್‌ವರೆಗಿನ ಬಾಟಲಿಗೆ ಅನುಮತಿ ನೀಡಿತು. ಆದರೆ ಹೊರಡುವ ನಿಲ್ದಾಣದಲ್ಲಿ ಒಪ್ಪಿದ್ದನ್ನು ನಡುವಿನ ನಿಲ್ದಾಣ ಒಪ್ಪಬೇಕೆಂದಿಲ್ಲ. ಎರಡು ವಿಮಾನ ಬದಲಿಸುವವರು ದಾರಿಯಲ್ಲಿನ ಅತ್ಯಂತ ಕಟ್ಟುನಿಟ್ಟಿನ ನಿಲ್ದಾಣಕ್ಕೆ ತಕ್ಕಂತೆ ಚೀಲ ಕಟ್ಟಬೇಕಾಗುತ್ತದೆ.

ಬೆಂಕಿಯ ಹೊಸ ಭಯ

ಭಯೋತ್ಪಾದಕರ ನಂತರ ಈಗ ಕೈಚೀಲದ ನಿಯಮ ಬರೆಯುತ್ತಿರುವುದು ಲಿಥಿಯಂ ಬ್ಯಾಟರಿ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೇ ನಿಲ್ದಾಣದಲ್ಲಿ ಹೊರಡಲು ಸಿದ್ಧವಾಗಿದ್ದ ಏರ್ ಬುಸಾನ್ ವಿಮಾನಕ್ಕೆ ಬೆಂಕಿ ಬಿತ್ತು. ಲಾಕರ್‌ನಲ್ಲಿದ್ದ ಪವರ್ ಬ್ಯಾಂಕ್ ಕಾರಣವಿರಬಹುದೆಂದು ತನಿಖಾಧಿಕಾರಿಗಳು ಹೇಳಿದರು. ಪವರ್ ಬ್ಯಾಂಕ್‌ಗಳನ್ನು ಲಾಕರ್‌ನಲ್ಲಿ ಇಡಬಾರದೆಂದು ಕೊರಿಯಾ ಅದೇ ಮಾರ್ಚ್‌ನಲ್ಲಿ ಆದೇಶಿಸಿತು. ಸಿಂಗಪುರ ಏರ್‌ಲೈನ್ಸ್ 2025ರ ಏಪ್ರಿಲ್‌ನಿಂದ, ಎಮಿರೇಟ್ಸ್ ಅದೇ ಅಕ್ಟೋಬರ್‌ನಿಂದ ಹಾರಾಟದ ವೇಳೆ ಅವುಗಳ ಬಳಕೆಯನ್ನು ನಿಷೇಧಿಸಿದವು. ಆ ಅಕ್ಟೋಬರ್‌ನಲ್ಲಿಯೇ ದೆಹಲಿಯಿಂದ ದಿಮಾಪುರಕ್ಕೆ ಹೊರಟಿದ್ದ ವಿಮಾನದೊಳಗೆ ಪ್ರಯಾಣಿಕರೊಬ್ಬರ ಪವರ್ ಬ್ಯಾಂಕ್ ಹೊತ್ತಿಕೊಂಡಿತು.

ಇಷ್ಟು ಅಪಾಯದ ವಸ್ತುವನ್ನು ಕ್ಯಾಬಿನ್‌ಗೇಕೆ ಬಿಡಬೇಕೆಂಬ ಪ್ರಶ್ನೆ ಸಹಜ. ಉತ್ತರ ಸರಳ: ಸಿಬ್ಬಂದಿಯ ಕಣ್ಣೆದುರು ಹೊತ್ತಿಕೊಂಡದ್ದನ್ನು ನೀರು ಸುರಿದು ತಣ್ಣಗಾಗಿಸಬಹುದು; ವಿಮಾನದ ಹೊಟ್ಟೆಯಲ್ಲಿ ಹೊತ್ತಿಕೊಂಡದ್ದನ್ನು ಯಾರೂ ಹೋಗಿ ಆರಿಸಲಾಗದು. ಸಾಮಾನ್ಯ ಮಿತಿ 100 ವಾಟ್-ಅವರ್. ಬ್ಯಾಟರಿಯ ಮೇಲೆ ಬರೆದ ಎಂಎಎಚ್ ಸಂಖ್ಯೆಯನ್ನು ವೋಲ್ಟ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೆಕ್ಕ ಸಿಗುತ್ತದೆ. 3.7 ವೋಲ್ಟ್‌ನ 20,000 ಎಂಎಎಚ್ ಪವರ್ ಬ್ಯಾಂಕ್ ಎಂದರೆ 74 ವಾಟ್-ಅವರ್. ಬರಹ ಅಳಿಸಿಹೋಗಿದ್ದರೆ ತಪಾಸಣೆಯವರು ಅದನ್ನು ಕಿತ್ತಿಡಬಹುದು.

ಇಲ್ಲೊಂದು ಎಡವಟ್ಟು ಅಡಗಿದೆ. ಲಾಕರ್‌ಗಳು ತುಂಬಿದಾಗ ವಿಮಾನದ ಬಾಗಿಲಲ್ಲಿ ಸಿಬ್ಬಂದಿ ಕೆಲವರ ಕೈಚೀಲಗಳನ್ನು ಪಡೆದು ಕೆಳಗೆ ಕಳಿಸುತ್ತಾರೆ. ಆಗ ಪವರ್ ಬ್ಯಾಂಕ್, ಬಿಡಿ ಬ್ಯಾಟರಿ, ಔಷಧಿ, ಕಾಗದಪತ್ರಗಳನ್ನು ಕ್ಷಣಾರ್ಧದಲ್ಲಿ ಹೊರತೆಗೆಯಬೇಕು. ಇವನ್ನು ಒಂದೇ ಸಣ್ಣ ಚೀಲದಲ್ಲಿ ಮೇಲ್ಭಾಗದಲ್ಲಿಯೇ ಇಟ್ಟವರು ಪಾರಾಗುತ್ತಾರೆ. ಬಟ್ಟೆಯ ಅಡಿಯಲ್ಲಿ ಹೂತಿಟ್ಟವರು ಪರದಾಡುತ್ತಾರೆ.

ಪೆಟ್ಟಿಗೆ ಬಾರದಿದ್ದಾಗ

ಚೆಕ್-ಇನ್ ಪೆಟ್ಟಿಗೆಯ ಮೇಲೆ ಪೂರ್ಣ ಭರವಸೆ ಇಡಬಹುದಾಗಿದ್ದರೆ ಕೈಚೀಲದ ಹೊರೆ ತಾನಾಗಿ ಇಳಿಯುತ್ತಿತ್ತು. ವಿಮಾನಯಾನ ತಂತ್ರಜ್ಞಾನ ಸಂಸ್ಥೆ ಸೀಟಾದ ವರದಿಗಳ ಪ್ರಕಾರ ಜಗತ್ತಿನಾದ್ಯಂತ ಪ್ರತಿ ಸಾವಿರ ಪ್ರಯಾಣಿಕರಿಗೆ ತಡವಾದ, ಹಾಳಾದ ಅಥವಾ ಕಳೆದ ಪೆಟ್ಟಿಗೆಗಳ ಸಂಖ್ಯೆ 2022ರಲ್ಲಿ 7.6 ಇದ್ದದ್ದು 2024ರಲ್ಲಿ 6.3ಕ್ಕೆ ಇಳಿದಿದೆ. ಸುಧಾರಣೆ ನಿಜ. ಆದರೆ ಒಂದು ವಿಮಾನದಿಂದ ಇನ್ನೊಂದಕ್ಕೆ ಸಾಗಿಸುವಾಗಲೇ ಹೆಚ್ಚಿನ ಪೆಟ್ಟಿಗೆಗಳು ಹಿಂದುಳಿಯುತ್ತವೆ. ದೂರದ ಪ್ರಯಾಣ ಮಾಡುವವರಲ್ಲಿ ಬಹುಪಾಲು ಮಂದಿಯದು ಅದೇ ದಾರಿ. 2025ರ ಡಿಸೆಂಬರ್ ಆರಂಭದಲ್ಲಿ ಇಂಡಿಗೊದ ಸಾವಿರಾರು ಹಾರಾಟಗಳು ರದ್ದಾದಾಗ, ಪ್ರಯಾಣಿಕರಿಂದ ಬೇರ್ಪಟ್ಟ ಸಾಮಾನನ್ನು 48 ಗಂಟೆಯೊಳಗೆ ತಲುಪಿಸುವಂತೆ ಕೇಂದ್ರ ವಿಮಾನಯಾನ ಸಚಿವಾಲಯವೇ ಆದೇಶಿಸಬೇಕಾಯಿತು.

ಕಾನೂನಿನ ರಕ್ಷಣೆ ಇದೆ, ಆದರೆ ಸೀಮಿತ. ಭಾರತ 2009ರಲ್ಲಿ ಒಪ್ಪಿಕೊಂಡ ಮಾಂಟ್ರಿಯಲ್ ಒಡಂಬಡಿಕೆಯ ಪ್ರಕಾರ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಸಾಮಾನಿನ ನಷ್ಟಕ್ಕೆ ಪ್ರತಿ ಪ್ರಯಾಣಿಕರಿಗೆ ಗರಿಷ್ಠ ಪರಿಹಾರ 1,519 ಎಸ್‌ಡಿಆರ್, ಅಂದರೆ 2,000 ಡಾಲರ್‌ಗೆ ತುಸು ಹೆಚ್ಚು. ಈ ಮಿತಿ 2024ರ ಡಿಸೆಂಬರ್ 28ರಿಂದ ಜಾರಿಯಲ್ಲಿದೆ. ಹಾನಿಯಾಗಿದ್ದರೆ ಪೆಟ್ಟಿಗೆ ಕೈಸೇರಿದ 7 ದಿನಗಳೊಳಗೆ, ತಡವಾಗಿದ್ದರೆ 21 ದಿನಗಳೊಳಗೆ ಲಿಖಿತ ದೂರು ಸಲ್ಲಿಸಬೇಕು. ಕೈಚೀಲದ ವಿಷಯದಲ್ಲಾದರೋ ಸಂಸ್ಥೆಯದೇ ತಪ್ಪಿದ್ದರೆ ಮಾತ್ರ ಹೊಣೆ. ಎಲ್ಲವನ್ನೂ ಕೈಯಲ್ಲೇ ಇಟ್ಟುಕೊಳ್ಳಿ ಎಂಬ ಸಲಹೆ ಸಂಸ್ಥೆಗಳಿಗೆ ಯಾಕೆ ಪ್ರಿಯವೆಂಬುದು ಇದರಿಂದ ಊಹಿಸಬಹುದಾದ ಸಂಗತಿ.

ಔಷಧಿಯೂ ಕಾಲಿನ ಜಾಗವೂ

ಹಣದಿಂದ ತುಂಬಿಕೊಳ್ಳಲಾಗದ ಒಂದು ವಸ್ತುವೆಂದರೆ ಔಷಧಿ. ಇನ್ಸುಲಿನ್ ಹೆಪ್ಪುಗಟ್ಟಿದರೆ ನಿಷ್ಪ್ರಯೋಜಕ. ಆದ್ದರಿಂದ ಅದು ಚೆಕ್-ಇನ್ ಪೆಟ್ಟಿಗೆಗೆ ಹೋಗುವಂತಿಲ್ಲ. ರಕ್ತದೊತ್ತಡ, ಮಧುಮೇಹ, ಹೃದಯದ ಮಾತ್ರೆಗಳನ್ನು ಪ್ರಯಾಣದ ಅವಧಿಗಿಂತ ಕೆಲವು ದಿನ ಹೆಚ್ಚಿಗೆ, ಮೂಲ ಪೊಟ್ಟಣದಲ್ಲಿಯೇ, ವೈದ್ಯರ ಚೀಟಿಯೊಂದಿಗೆ ಇಟ್ಟುಕೊಳ್ಳಬೇಕು. ಟ್ರಮಡಾಲ್, ಕೊಡೀನ್‌ನಂಥ ನೋವುನಿವಾರಕಗಳಿಗೆ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಪೂರ್ವಾನುಮತಿ ಬೇಕು.

ನಾಲ್ಕು ತಾಸು ಮೀರಿದ ಪ್ರಯಾಣದಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತ್ತು. ಒಟ್ಟು ಸಾಧ್ಯತೆ ಆರು ಸಾವಿರಕ್ಕೆ ಒಂದರಷ್ಟು ಮಾತ್ರವಾದರೂ ಕದಲದೆ ಕೂರುವುದೇ ಅದರ ಮುಖ್ಯ ಕಾರಣ. ಮುಂದಿನ ಆಸನದ ಅಡಿಗೆ ಉಬ್ಬಿದ ಚೀಲ ತುರುಕಿದವರು ಕಾಲು ಚಾಚುವ ಜಾಗವನ್ನು ತಾವೇ ಕಳೆದುಕೊಂಡಿರುತ್ತಾರೆ. ಬೇಕಾದ್ದನ್ನೆಲ್ಲ ತುಂಬಿದ ಚೀಲವೇ ಬೇಡದ ತೊಂದರೆ ತರುವುದು ಹೀಗೆ.

ಮೈಮೇಲೆ ಇರಬೇಕಾದದ್ದು

ತುರ್ತು ಸಂದರ್ಭದಲ್ಲಿ ಅರ್ಧದಷ್ಟೇ ಬಾಗಿಲುಗಳ ಮೂಲಕ 90 ಸೆಕೆಂಡುಗಳಲ್ಲಿ ಎಲ್ಲರೂ ಹೊರಬರಬಲ್ಲರೆಂದು ತೋರಿಸಿದ ನಂತರವೇ ದೊಡ್ಡ ಪ್ರಯಾಣಿಕ ವಿಮಾನಕ್ಕೆ ಮಾನ್ಯತೆ ಸಿಗುತ್ತದೆ. ಆ ಪರೀಕ್ಷೆಯಲ್ಲಿ ಯಾರೂ ಲಾಕರ್ ತೆರೆದು ಚೀಲ ಇಳಿಸುವುದಿಲ್ಲ. ನಿಜವಾದ ಅಪಘಾತದಲ್ಲಿ ಒಬ್ಬರು ಚೀಲಕ್ಕೆಂದು ನಿಂತರೆ ಹಿಂದಿನ ಸಾಲುಗಳೆಲ್ಲ ನಿಲ್ಲುತ್ತವೆ. ಚೂಪು ಅಂಚಿನ ಪೆಟ್ಟಿಗೆ ಜಾರುಬಂಡಿಯನ್ನು ಹರಿಯಬಹುದು.

ಬಿಟ್ಟು ಬನ್ನಿ ಎಂಬ ಘೋಷಣೆಯೊಂದರಿಂದ ಮಾತ್ರ ಇದು ಬಗೆಹರಿಯದು. ಬಿಟ್ಟು ಬರಲು ಸಾಧ್ಯವಾಗುವಂತೆ ಚೀಲ ಕಟ್ಟಿರಬೇಕು. ಪಾಸ್‌ಪೋರ್ಟ್, ಒಂದಿಷ್ಟು ಹಣ, ಫೋನ್, ಕನ್ನಡಕ, ಒಂದು ದಿನದ ಮಾತ್ರೆ ಇವು ಚೀಲದಲ್ಲಲ್ಲ, ವಿಮಾನ ಏರುವಾಗ ಮತ್ತು ಇಳಿಯುವಾಗ ಮೈಮೇಲಿನ ಜೇಬಿನಲ್ಲಿ ಅಥವಾ ಸೊಂಟದ ಪುಟ್ಟ ಚೀಲದಲ್ಲಿ ಇರಬೇಕು. ಪ್ರಮಾಣಪತ್ರಗಳ ಪ್ರತಿಗಳು ಮನೆಯವರ ಬಳಿ, ಇ-ಮೇಲ್‌ನಲ್ಲಿ ಇರಬೇಕು. ಉಳಿದ ಔಷಧಿ, ಒಂದು ಜೊತೆ ಬಟ್ಟೆ, ಚಾರ್ಜರ್, ಪುಸ್ತಕ, ಶಾಲು ಕೈಚೀಲಕ್ಕೆ. ಅದು ಬೆಂಕಿಯಲ್ಲಿ ಬೆಂದರೆ ನಷ್ಟವಾದೀತು, ಬದುಕು ನಿಲ್ಲದು.

ಈ ಹೊಣೆ ಪ್ರಯಾಣಿಕರೊಬ್ಬರದೇ ಅಲ್ಲ. ಟಿಕೆಟ್ ಮಾರುವಾಗ ಪೆಟ್ಟಿಗೆಯ ತೂಕಕ್ಕೆ ಕಾಸು ಎಣಿಸುವ ಸಂಸ್ಥೆಗಳು, ಮೈಮೇಲೆ ಏನಿರಬೇಕು, ಚೀಲದಲ್ಲಿ ಏನಿರಬಾರದು ಎಂಬುದನ್ನು ಅದೇ ಟಿಕೆಟ್‌ನಲ್ಲಿ ಪ್ರಯಾಣಿಕರ ಭಾಷೆಯಲ್ಲಿ ಮುದ್ರಿಸಲು ಹೆಚ್ಚಿನ ಖರ್ಚೇನೂ ತಗುಲದು. ಮೊದಲ ಬಾರಿಗೆ ವಿಮಾನ ಹತ್ತುವ ಹಿರಿಯರು ಇಂಗ್ಲಿಷ್ ಮತ್ತು ಹಿಂದಿಯ ಘೋಷಣೆಗಳನ್ನು ಕೇಳಿಯೇ ಎಲ್ಲವನ್ನೂ ಗ್ರಹಿಸಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಅಲ್ಲಿಯವರೆಗೆ ಆ ಪಾಠ ಮನೆಯಲ್ಲಿ, ಚೀಲ ಕಟ್ಟುವ ಹೊತ್ತಿನಲ್ಲಿಯೇ ನಡೆಯಬೇಕಾಗಿದೆ.