ಮರೆವಿನ ತಪಾಸಣೆ: ಟ್ಯಾಬ್ ಬಂದರೆ ಸಾಕೆ?

ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಒಯ್ಯುವ ಅಸಾಂಕ್ರಾಮಿಕ ರೋಗಗಳ ನಮೂನೆಯಲ್ಲಿ 60 ವರ್ಷ ದಾಟಿದವರಿಗೆಂದೇ ಕೆಲವು ಪ್ರಶ್ನೆಗಳಿವೆ. ಹತ್ತಿರದವರ ಹೆಸರು ಅಥವಾ ಸ್ವಂತ ಮನೆಯ ವಿಳಾಸ ಮರೆತುಹೋಗುತ್ತದೆಯೇ ಎಂಬುದು ಅವುಗಳಲ್ಲೊಂದು. ಆ ಪ್ರಶ್ನೆಗೆ ಬರುವಷ್ಟರಲ್ಲಿ ‘ಅರವತ್ತಕ್ಕೆ ಅರಳುಮರಳು’ ಎಂಬ ಉತ್ತರ ಮನೆಯವರ ಬಾಯಲ್ಲಿ ಸಿದ್ಧವಾಗಿರುತ್ತದೆ.

ವೃದ್ಧರ ಮರೆವನ್ನು ವಿಚಾರಿಸುವ ಏರ್ಪಾಡು ಹೀಗೆ ಈಗಾಗಲೇ ಇದೆ. ಅದರ ಬದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಟ್ಯಾಬ್ ಕೈಗಿತ್ತು ಹತ್ತು ನಿಮಿಷದಲ್ಲಿ ಅರಿವಿನ ಸಾಮರ್ಥ್ಯ ಅಳೆಯಬಹುದು ಎಂಬ ವಾದ ಈಗ ಬಲಗೊಳ್ಳುತ್ತಿದೆ. ಅಮೆರಿಕದ ಕೆಲವು ಚಿಕಿತ್ಸಾಲಯಗಳಲ್ಲಿ ರೋಗಿಯು ಪರದೆಯ ಮೇಲೆ ಗಡಿಯಾರದ ಚಿತ್ರ ಬಿಡಿಸಿ, ಕೇಳಿದ ಮೂರು ಪದಗಳನ್ನು ನೆನಪಿನಿಂದ ಹೇಳುವ ಪರೀಕ್ಷೆ ಬಳಕೆಯಲ್ಲಿದೆ. ಸಮಾನಾಂತರ ಜಲಾಶಯದ ಪ್ರಸ್ತಾವದಿಂದಷ್ಟೇ ರಾಜ್ಯಕ್ಕೆ ಪರಿಚಿತವಾಗಿರುವ ಕೊಪ್ಪಳ ಜಿಲ್ಲೆಯ ನವಲಿಯಂಥ ಊರಿಗೆ ಇದು ಬಂದರೆ ಏನಾದೀತು?

ಪೆನ್ಸಿಲ್ ಹಿಡಿಯದ ಕೈ ಗಡಿಯಾರ ಬಿಡಿಸಲಾಗದಿದ್ದರೆ ಅದು ಮಿದುಳಿನ ದೋಷವಲ್ಲ. 2011ರ ಜನಗಣತಿಯಂತೆ ಕೊಪ್ಪಳ ಜಿಲ್ಲೆಯ ಮಹಿಳಾ ಸಾಕ್ಷರತೆ ಶೇ 57ರ ಆಸುಪಾಸಿನಲ್ಲಿತ್ತು. ಹಿರಿಯ ತಲೆಮಾರಿನಲ್ಲಿ ಅದು ಇನ್ನೂ ಕಡಿಮೆಯೆಂದು ಬೇರೆ ಹೇಳಬೇಕಿಲ್ಲ. ಇಂದು ಯಾವ ತಾರೀಖು ಎಂದರೆ ತಡವರಿಸುವ ಅಜ್ಜಿ, ಯಾವ ಮಳೆ ನಡೆದಿದೆ, ಅಮಾವಾಸ್ಯೆಗೆ ಎಷ್ಟು ದಿನ ಉಳಿದಿದೆ ಎಂದು ಕೇಳಿದರೆ ತಪ್ಪದೆ ಹೇಳಬಲ್ಲಳು. ಶಾಲೆಯ ಅಳತೆಗೋಲಿನ ಪರೀಕ್ಷೆಯು ಇಂಥವರಿಗೆ ಇಲ್ಲದ ರೋಗ ಅಂಟಿಸೀತು. ಇನ್ನೊಂದೆಡೆ, ಓದು ಬಲ್ಲ ನಿವೃತ್ತ ಶಿಕ್ಷಕರಲ್ಲಿ ನಿಜವಾಗಿ ಶುರುವಾಗಿರುವ ಮರೆವು ಅದೇ ಪರೀಕ್ಷೆಯ ಕಣ್ತಪ್ಪಿಸಿಕೊಂಡೀತು.

ಇದು ಹೊಸ ತೊಡಕೇನಲ್ಲ. ಹರಿಯಾಣದ ಬಲ್ಲಭಗಡದ ಅನಕ್ಷರಸ್ಥ ವೃದ್ಧರಿಗಾಗಿ 1990ರ ದಶಕದಲ್ಲೇ ಸಂಶೋಧಕರು ಪಾಶ್ಚಾತ್ಯ ಪರೀಕ್ಷೆಯೊಂದನ್ನು ಹಿಂದಿಯಲ್ಲಿ ಮರುರೂಪಿಸಿದರು. ಒಂದು ವಾಕ್ಯ ಬರೆಯಿರಿ ಎಂಬುದರ ಬದಲು ನಿಮ್ಮ ಮನೆಯ ಬಗ್ಗೆ ಒಂದು ಮಾತು ಹೇಳಿ ಎಂದು ಕೇಳಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರೂಪಿಸಿದ ಪರೀಕ್ಷಾ ಗುಚ್ಛವು ಕನ್ನಡವೂ ಸೇರಿ ಐದು ಭಾಷೆಗಳಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರ ಮೇಲೆ 2018ರಿಂದ ದೀರ್ಘಾವಧಿ ಅಧ್ಯಯನ ನಡೆಸುತ್ತಿದ್ದು, ಕನ್ನಡಕ್ಕೆ ಹೊಂದಿಸಿದ ಕಂಪ್ಯೂಟರ್ ಆಧಾರಿತ ಪರೀಕ್ಷೆಯನ್ನು ಬಳಸುತ್ತಿದೆ. ಸಾಧನ ಇಲ್ಲವೆನ್ನುವಂತಿಲ್ಲ. ಆದರೆ ತೆಲುಗು ಬೆರೆತ ಕೋಲಾರದ ಕನ್ನಡದಲ್ಲಿ ಸಿದ್ಧವಾದ ಮಾನದಂಡವನ್ನು ಕೊಪ್ಪಳಕ್ಕೆ ಹಾಗೆಯೇ ಅನ್ವಯಿಸುವ ಮುನ್ನ ಇಲ್ಲಿಯ ಮಾತಿನಲ್ಲಿ, ಇಲ್ಲಿಯ ಜನರ ಮೇಲೆ ಪರೀಕ್ಷಿಸುವುದು ಅಗತ್ಯ.

ಅಗತ್ಯವೇನೋ ದೊಡ್ಡದೇ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ ದೇಶದ 60 ಮೀರಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು. ಮರೆವಿನ ಹಿಂದೆ ಬಿ-12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಯಂಥ ಗುಣಪಡಿಸಬಹುದಾದ ಕಾರಣಗಳೂ ಇರುತ್ತವೆ. ಪೊರೆ ಬಂದ ಕಣ್ಣು, ಮಂದವಾದ ಕಿವಿ ಪರೀಕ್ಷೆಯ ಅಂಕವನ್ನೇ ಕೆಡಿಸುತ್ತವೆ. ಟ್ಯಾಬ್ ಕೊಡುವ ಮುನ್ನ ಕಣ್ಣು, ಕಿವಿ ನೋಡಬೇಕೆಂಬ ಸರಳ ಸಂಗತಿ ತಂತ್ರಜ್ಞಾನದ ಉತ್ಸಾಹದಲ್ಲಿ ಮರೆತುಹೋಗದಿರಲಿ.

ವೃದ್ಧರ ನಡವಳಿಕೆಯಲ್ಲಾದ ಬದಲಾವಣೆಯನ್ನು ಜೊತೆಗಿರುವವರಿಂದ ಕೇಳಿ ತಿಳಿಯುವುದು ಅಂಕಕ್ಕಿಂತ ನಂಬಲರ್ಹವಾಗಬಲ್ಲದು. ಅಡುಗೆಗೆ ಎರಡು ಸಲ ಉಪ್ಪು ಹಾಕಿದ್ದು, ಪರಿಚಿತ ಓಣಿಯಲ್ಲೇ ದಾರಿ ತಪ್ಪಿದ್ದು ಗೊತ್ತಾಗುವುದು ಮನೆಯವರಿಗೆ ಮಾತ್ರ. ಆದರೆ ಈ ಭಾಗದ ಮಗ-ಸೊಸೆ ಕಟ್ಟಡ ಕೆಲಸಕ್ಕೆಂದು ಬೆಂಗಳೂರು, ಮಂಗಳೂರು, ಗೋವಾಕ್ಕೆ ಗುಳೆ ಹೋಗಿದ್ದರೆ ಉತ್ತರಿಸುವವರು ಯಾರು? ಮೊಮ್ಮಕ್ಕಳನ್ನು ನೋಡಿಕೊಳ್ಳುವ ಹೊಣೆಯೂ ಅದೇ ವೃದ್ಧೆಯ ಮೇಲಿರುತ್ತದೆ.

ತಪಾಸಣೆಯ ನಂತರ ಎಲ್ಲಿಗೆ ಹೋಗಬೇಕು ಎಂಬುದು ಕೊನೆಯ ತೊಡಕು. ನಿಮ್ಹಾನ್ಸ್ ಮತ್ತು ನೀತಿ ಆಯೋಗದ ಸಹಯೋಗದಲ್ಲಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಬೆಂಗಳೂರು ದಕ್ಷಿಣ, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಪ್ರಾಯೋಗಿಕವಾಗಿ ನಡೆದು ಬಳಿಕ ಇತರ ಜಿಲ್ಲೆಗಳಿಗೂ ವಿಸ್ತರಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ, ಜಿಲ್ಲಾ ಮಟ್ಟದಲ್ಲಿ ಚಿಕಿತ್ಸಾಲಯ ಎಂಬ ಅದರ ಕ್ರಮ ಸರಿಯಾದುದೇ. ಲಕ್ಷಣವಿಲ್ಲದ ಹಿರಿಯರೆಲ್ಲರನ್ನೂ ತಪಾಸಿಸುವುದಕ್ಕೆ ಸಾಕಷ್ಟು ಆಧಾರವಿಲ್ಲ ಎಂದು ಅಮೆರಿಕದ ತಜ್ಞರ ಕಾರ್ಯಪಡೆ 2020ರಲ್ಲಿ ಹೇಳಿದ್ದನ್ನೂ ಇಲ್ಲಿ ನೆನೆಯಬೇಕು. ಎಷ್ಟು ಜನರಿಗೆ ಪರೀಕ್ಷೆ ಆಯಿತು ಎಂಬ ಅಂಕಿ ಸುಲಭವಾಗಿ ಸಿಗುತ್ತದೆ. ಹಳ್ಳಿಯಿಂದ ಕಳುಹಿಸಿದವರಲ್ಲಿ ಎಷ್ಟು ಮಂದಿ ಕೊಪ್ಪಳ ತಲುಪಿದರು, ಎಷ್ಟು ಮಂದಿಗೆ ರೋಗನಿರ್ಣಯವಾಯಿತು, ಔಷಧ ಎಲ್ಲಿ ಸಿಕ್ಕಿತು ಎಂಬ ಲೆಕ್ಕವನ್ನು ಆರೋಗ್ಯ ಇಲಾಖೆ ತಾಲ್ಲೂಕುವಾರು ಪ್ರಕಟಿಸಬೇಕು. ಟ್ಯಾಬ್ ಖರೀದಿಯ ಮಾತು ಆಮೇಲಿನದು.